ಮಗಳಿಗೆ ಯಾವ ನರ್ಸಿಂಗ್: ಎರಡು ವರ್ಷದ್ದೋ, ನಾಲ್ಕು ವರ್ಷದ್ದೋ?

(ಮೂಡಿಗೆರೆ–ಕಳಸ ಭಾಗದ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವಿನ ಬಗ್ಗೆ ಮಾತನಾಡಬೇಕಾದ ಪಶುವೈದ್ಯರು ಮಕ್ಕಳ ಓದಿನ ವಿಷಯ ಎತ್ತಿದ್ದಾರಲ್ಲ ಎಂದು ತಮಗೆ ಆಶ್ಚರ್ಯವಾಗಬಹುದು. ಈ ಭಾಗದಲ್ಲಿ ಕೊಟ್ಟಿಗೆಗೆ ಹೋದಾಗ ಹಸುವಿನ ವಿಚಾರ ಮುಗಿದ ಮೇಲೆ ಆಗಾಗ ಬರುವ ಪ್ರಶ್ನೆ ಇದು: "ಡಾಕ್ಟ್ರೇ, ಮಗಳನ್ನು ನರ್ಸಿಂಗಿಗೆ ಸೇರಿಸಬೇಕು. ಎರಡು ವರ್ಷದ್ದು ಸಾಕಾ, ನಾಲ್ಕು ವರ್ಷದ್ದೇ ಆಗಬೇಕಾ?" ಪ್ರತಿಯೊಬ್ಬರಿಗೂ ಕೊಡುವ ಉತ್ತರವನ್ನು ಇಂದು ಎಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಇವು ಒಂದೇ ಓದಿನ ಚಿಕ್ಕ ರೂಪ, ದೊಡ್ಡ ರೂಪ ಅಲ್ಲ. ಎರಡು ವರ್ಷದ್ದು ಎ.ಎನ್.ಎಂ. ಇದು ಹೆಣ್ಣುಮಕ್ಕಳಿಗೆ ಮಾತ್ರ. ಪಿ.ಯು.ಸಿ.ಯಲ್ಲಿ ಕಲಾ ವಿಭಾಗ ಓದಿದವರೂ ಸೇರಬಹುದು. ಚುಚ್ಚುಮದ್ದು, ಬಸುರಿ–ಬಾಣಂತಿಯರ ಆರೈಕೆ, ಜ್ವರದ ಸಮೀಕ್ಷೆ, ಹೀಗೆ ಉಪಕೇಂದ್ರದಿಂದ ಹಳ್ಳಿಹಳ್ಳಿಗೆ ಹೋಗುವ ಕೆಲಸ ಇದರದ್ದು. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರವಾದರೆ, ಗುಡ್ಡಗಾಡು ಪ್ರದೇಶಕ್ಕೆ 3,000 ಜನರಿಗೆ ಒಂದು ಎಂಬುದು ನಿಯಮ. ಎಸ್ಟೇಟಿನ ಲೈನ್ ಮನೆಗಳವರೆಗೂ ನಡೆದು ಬರುವ ಸಿಸ್ಟರ್ ಕೆಲಸವನ್ನು ಯಾರೂ ಕೀಳೆಂದು ತಿಳಿಯಬಾರದು.

ನಾಲ್ಕು ವರ್ಷದ್ದು ಬಿ.ಎಸ್ಸಿ. ನರ್ಸಿಂಗ್. ಇದು ಪದವಿ. ದೊಡ್ಡ ಆಸ್ಪತ್ರೆಯ ವಾರ್ಡು, ಐ.ಸಿ.ಯು., ಮುಂದೆ ಎಂ.ಎಸ್ಸಿ., ಬೋಧಕ ವೃತ್ತಿ, ಹೊರದೇಶ, ಇವೆಲ್ಲಕ್ಕೂ ದಾರಿ ಇದೆ. ಗಂಡುಮಕ್ಕಳೂ ಓದಬಹುದು. ಇವೆರಡರ ನಡುವೆ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಇದೆ.

"ಮೊದಲು ಎರಡು ವರ್ಷದ್ದು ಮುಗಿಸಲಿ, ಆಮೇಲೆ ನೋಡೋಣ" ಎನ್ನುವವರು ಸ್ವಲ್ಪ ಲೆಕ್ಕ ಹಾಕಿ. ಎ.ಎನ್.ಎಂ. 2 ವರ್ಷ, ಅನಂತರ ಜಿ.ಎನ್.ಎಂ. 3 ವರ್ಷ, ಅದರ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. 2 ವರ್ಷ, ಒಟ್ಟು 7 ವರ್ಷ. ಪದವಿಯೇ ಗುರಿಯಾದರೆ ನೇರ ದಾರಿಗೆ 4 ವರ್ಷ ಸಾಕು. ಬೇಗ ಹಾಲು ಸಿಗಲೆಂದು 250 ಕೆ.ಜಿ. ತೂಕ ಬಾರದ ಮಿಶ್ರತಳಿ ಕಡಸಿಗೆ ಗರ್ಭಧಾರಣೆ ಮಾಡಿಸಿದರೆ ಏನಾಗುತ್ತದೆಂದು ತಮಗೆ ಹೇಳಬೇಕಾಗಿಲ್ಲ. ಆದರೆ ನಾಲ್ಕು ವರ್ಷ ಸಂಪಾದನೆಯಿಲ್ಲದೆ ಓದಿಸುವ ಶಕ್ತಿ ಮನೆಗಿಲ್ಲದಿದ್ದರೆ ಜಿ.ಎನ್.ಎಂ. ಒಳ್ಳೆಯ ಮಧ್ಯಮಾರ್ಗ. ಅದರಲ್ಲೂ ನರ್ಸ್ ಆಗಿಯೇ ನೋಂದಣಿಯಾಗುತ್ತದೆ. ದುಡಿದು, ಮುಂದೆ ಪದವಿ ಪಡೆಯಬಹುದು.

ನಿಜವಾದ ಆಯ್ಕೆ ನಡೆಯುವುದು ಎಸ್.ಎಸ್.ಎಲ್.ಸಿ. ಮುಗಿದ ತಿಂಗಳಲ್ಲೇ. ಬಿ.ಎಸ್ಸಿ. ನರ್ಸಿಂಗಿಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಸಾಮಾನ್ಯ ವರ್ಗದವರಿಗೆ ಈ ವಿಷಯಗಳಲ್ಲಿ ಒಟ್ಟು ಶೇ. 45 ಅಂಕ ಬೇಕು. ಬಸ್ಸಿನ ಅನುಕೂಲ ನೋಡಿ ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿಸಿದ ದಿನವೇ ಆ ಬಾಗಿಲು ಮುಚ್ಚಿತೆಂದು ತಿಳಿಯಿರಿ. ಸರ್ಕಾರಿ ಸೀಟು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಮೂಲಕ ಹಂಚಿಕೆಯಾಗುತ್ತದೆ. ಒಂದರಿಂದ ಹತ್ತನೇ ತರಗತಿವರೆಗಿನ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ಹಣದ ಮಾತು. ನಮ್ಮಲ್ಲಿ ಕಾಫಿ ದುಡ್ಡು ಬರುವುದು ಕೊಯ್ಲಿನ ಮೇಲೆ. ಕಾಲೇಜಿನ ಫೀಸು ಕೇಳುವುದು ಮಳೆಗಾಲದಲ್ಲಿ, ಕೈ ಬರಿದಾಗಿರುವಾಗ. ಆದ್ದರಿಂದ ಕೊಯ್ಲಿನ ಹಣ ಬಂದಾಗಲೇ ಒಂದು ವರ್ಷದ ಫೀಸನ್ನು ಬ್ಯಾಂಕಿನಲ್ಲಿ ಠೇವಣಿ ಇಡಿ. ಹಾಸ್ಟೆಲ್, ಊಟದ ಖರ್ಚಿಗೆ ಹಾಲಿನ ಬಟವಾಡೆ ಒದಗುತ್ತದೆ. ಫೀಸಿಗೆಂದು ಕರೆಯುವ ಹಸುವನ್ನು ಮಾತ್ರ ಮಾರಬೇಡಿ. ಎರಡನೇ ವರ್ಷದ ಖರ್ಚಿಗೆ ಏನೂ ಉಳಿಯುವುದಿಲ್ಲ. ಮಾನ್ಯತೆ ಪಡೆದ ಕೋರ್ಸಿಗೆ ರೂ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯ ಬಗ್ಗೆಯೂ ಕಾಲೇಜಿನಲ್ಲಿ ವಿಚಾರಿಸಿ.

ಸೇರಿಸುವ ಮುನ್ನ ಗಮನಿಸಬೇಕಾದವು:

1. ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ? ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಬೇರೆ ಮಾನ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ?

2. ಮಕ್ಕಳು ಕೆಲಸ ಕಲಿಯುವ ಆಸ್ಪತ್ರೆ ಯಾವುದು? ಬೋರ್ಡು ನೋಡಿ ಬರಬೇಡಿ, ವಾರ್ಡು ನೋಡಿ ಬನ್ನಿ.

3. ಏಜೆಂಟರ ಕೈಗೆ ಮೂಲ ಅಂಕಪಟ್ಟಿಯನ್ನಾಗಲಿ, ರಸೀದಿಯಿಲ್ಲದ ಹಣವನ್ನಾಗಲಿ ಕೊಡಬೇಡಿ.

ಕೊನೆಯದಾಗಿ ಒಂದು ಮಾತು. "ಹೇಗೂ ಮದುವೆಯಾಗಿ ಹೋಗುವವಳು, ಎರಡು ವರ್ಷ ಸಾಕು" ಎಂಬ ಕಾರಣಕ್ಕೆ ಯಾರೂ ಎ.ಎನ್.ಎಂ. ಆರಿಸಬೇಡಿ. ಹಳ್ಳಿಯ ಸೇವೆಯಲ್ಲಿ ಮಗಳಿಗೆ ಮನಸ್ಸಿದ್ದರೆ ಸಂತೋಷದಿಂದ ಕಳುಹಿಸಿ. ಆಸ್ಪತ್ರೆಯ ಕೆಲಸದಲ್ಲಿ ಮನಸ್ಸಿದ್ದು, ಅಂಕವೂ ಇದ್ದರೆ, ಎರಡು ವರ್ಷ ಹೆಚ್ಚು ಹಾಲು ಹಾಕಿಯಾದರೂ ಓದಿಸಿ. ಇಂದು ಸಂಜೆ ಹಾಲು ಹಾಕಿ ಮನೆಗೆ ಹೋದ ಮೇಲೆ ಮಗಳನ್ನು ಕೂರಿಸಿಕೊಂಡು, ಯಾವುದು ಬೇಕೆಂದು ಅವಳನ್ನೇ ಕೇಳಿ.