ಬಿಸಿಲಿನ ಬೆಳೆಯೂ ಹೊಲದ ಒಡೆತನವೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡು, ನುಡಿ, ಸಂಸ್ಕೃತಿಗಳನ್ನು ಕುರಿತು ಮಾತನಾಡುವುದು ನಡೆದು ಬಂದ ಪದ್ಧತಿ. ಈ ಸಲ ನಾನು ವಿದ್ಯುಚ್ಛಕ್ತಿಯನ್ನು ಕುರಿತು ಮಾತನಾಡುತ್ತೇನೆಂದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಿದ್ದು, "ಆಗಲಿ, ಊಟದ ಹೊತ್ತಿಗೆ ಮುಗಿಸಿಬಿಡಿ" ಎಂದರು. ಮುಗಿಸುತ್ತೇನೆ. ಆದರೆ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು.

ದಸರೆಗೆ ಮುಂಚೆ ಊರಿನಿಂದ ನನಗೊಂದು ಲಕೋಟೆ ಬಂತು. ನಮ್ಮೂರು ಗದಗ ಜಿಲ್ಲೆಯಲ್ಲಿದೆ. ಅಲ್ಲಿ ಎಂಟು ಎಕರೆಯ ಮಡ್ಡಿ ಹೊಲವೊಂದುಂಟು. ಉತಾರೆಯಲ್ಲಿ ದೊಡ್ಡಪ್ಪನ ಮಗನಾದ ಅಣ್ಣನ ಹೆಸರಿನ ಕೆಳಗೆ ನನ್ನ ಹೆಸರೂ ಇದೆ. ಸೂರ್ಯಶಕ್ತಿಯಿಂದ ವಿದ್ಯುತ್ತು ಮಾಡುವ ಕಂಪನಿಯೊಂದು ಆ ಹೊಲವನ್ನು ದೀರ್ಘಕಾಲದ ಲಾವಣಿಗೆ ಕೇಳಿದೆಯೆಂದೂ, ಮಳೆ ನಂಬಿ ಬಿತ್ತುವುದಕ್ಕಿಂತ ಇದೇ ಲೇಸೆಂದೂ, ಗುರುತು ಹಾಕಿದಲ್ಲಿ ಸಹಿ ಮಾಡಿ ಕೂಡಲೆ ಕಳುಹಿಸಬೇಕೆಂದೂ ಅಣ್ಣ ಬರೆದಿದ್ದ. ಇಂಥ ಲಕೋಟೆ ನನಗೊಬ್ಬನಿಗೇ ಬಂದಿಲ್ಲವೆಂದು ಬಲ್ಲೆ. ಗದಗ, ಕೊಪ್ಪಳ, ವಿಜಯಪುರ, ಚಿತ್ರದುರ್ಗಗಳ ಕಡೆಯಿಂದ ಪುಣೆಗೆ ಬಂದು ನೆಲಸಿದವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಹೊಲ ಅಲ್ಲಿ, ಉತಾರೆಯ ಹೆಸರು ಇಲ್ಲಿ. ಆದುದರಿಂದ ಇದು ಎಂಜಿನಿಯರರಿಗೆ ಬಿಟ್ಟುಬಿಡತಕ್ಕ ವಿಷಯವಲ್ಲ.

ವಿದ್ಯುತ್ತಿಗಾಗಿ ನೆಲ ಕೊಡುವುದು ನಮ್ಮ ಕಾಲದ ಹೊಸ ಸಂಗತಿಯೇನೂ ಅಲ್ಲ. ಭಾನುವಾರ ಮಳೆ ನೋಡಲು ನೀವು ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಲ್ಲ, ಆ ಮುಳಶಿಯ ಜಲಾಶಯದ ಕಥೆ ಕೇಳಿ. ಟಾಟಾ ಸಂಸ್ಥೆಯವರು ಅಲ್ಲಿ ಅಣೆಕಟ್ಟು ಕಟ್ಟಿ ಮುಂಬಯಿಗೆ ವಿದ್ಯುತ್ತು ಒಯ್ಯಲು ಹೊರಟಾಗ, 1921ರಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಮಾವಳದ ರೈತರು ಸತ್ಯಾಗ್ರಹ ಹೂಡಿದರು. ಸುಮಾರು ಮೂರು ವರ್ಷ ಹೋರಾಟ ನಡೆಯಿತು, ಸೋತಿತು, ಅಣೆ ಎದ್ದಿತು. ನಮ್ಮ ಕಡೆಯಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದುದು 1964ರಲ್ಲಿ. ಕನ್ನಡನಾಡಿಗೆ ಬೆಳಕು ಬಂತು. ಅದನ್ನು ಹೊಗಳದವರಿಲ್ಲ, ಹೊಗಳುವುದು ನ್ಯಾಯವೂ ಹೌದು. ಆದರೆ ಮುಳುಗಡೆಯಾಗಿ ಬೇರೆಡೆಗೆ ಎದ್ದು ಹೋದ ಮಲೆನಾಡಿನ ಕುಟುಂಬಗಳಲ್ಲಿ ಅನೇಕರ ಹಕ್ಕುಪತ್ರದ ತಕರಾರು 2020ರ ಈಚೆಗೂ ತೀರದೆ ಬೀದಿಗೆ ಬಂದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ನೀರಿನಿಂದ ಹುಟ್ಟಿದ ವಿದ್ಯುತ್ತಿಗೆ ಹೊಗೆಯಿಲ್ಲ, ಬೂದಿಯಿಲ್ಲ. ಹೊಗೆಯಿಲ್ಲದ ಮಾತ್ರಕ್ಕೆ ಅನ್ಯಾಯವಿಲ್ಲವೆಂದು ತಿಳಿಯಲಾಗದು.

ಈಗ ಸರದಿ ಬಿಸಿಲಿನದು. ತುಮಕೂರು ಜಿಲ್ಲೆಯ ಪಾವಗಡವನ್ನು ನೀವು ಕೇಳಿದ್ದೀರಿ. ವರ್ಷ ಬಿಟ್ಟು ವರ್ಷ ಬರದ ಪಟ್ಟಿಯಲ್ಲಿ ಸೇರುವ ತಾಲ್ಲೂಕು. ಶೇಂಗಾ ಬಿತ್ತಿ ಮುಗಿಲು ನೋಡುವುದೇ ಅಲ್ಲಿಯ ಬೇಸಾಯ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಊರುಗಳ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್‌ನ ಸೌರ ಉದ್ಯಾನ ಎದ್ದಿತು. 2019ರ ಕೊನೆಯ ಹೊತ್ತಿಗೆ ಅದು ಪೂರ್ತಿಯಾಯಿತು. ಇಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಸರಕಾರ ನೆಲವನ್ನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ರೈತರ ಹೆಸರಿನಲ್ಲೇ ಇರಗೊಟ್ಟು ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಹೆಚ್ಚಳ, ಎಂಬ ಕರಾರಿನ ಮೇಲೆ ಲಾವಣಿ ಹಿಡಿಯಿತು. ಮುಳಶಿಗೂ ಪಾವಗಡಕ್ಕೂ ನಡುವೆ ನೂರು ವರ್ಷದಲ್ಲಿ ನಾವು ಇಷ್ಟು ಮುಂದೆ ಬಂದಿದ್ದೇವೆ. ಸಣ್ಣ ಮಾತಲ್ಲ.

ಆದರೂ ಒಂದು ಸಾಮಾನ್ಯ ಲೆಕ್ಕ ಮಾಡೋಣ, ಕಿರಾಣಿ ಅಂಗಡಿಯ ಲೆಕ್ಕ. ಒಂದು ಮೆಗಾವಾಟ್‌ಗೆ ಆರು ಎಕರೆ ಹಿಡಿಯಿರಿ. ನಮ್ಮ ಬಿಸಿಲಿನಲ್ಲಿ ಅದು ವರ್ಷಕ್ಕೆ ಹದಿನಾರು ಲಕ್ಷ ಯೂನಿಟ್ಟಿನ ಆಸುಪಾಸು ಕೊಡಬಲ್ಲದು. ಯೂನಿಟ್ಟಿಗೆ ಮೂರು ರೂಪಾಯಿಯೆಂದರೆ 48 ಲಕ್ಷವಾಯಿತು. ಎಕರೆಗೆ ಎಂಟು ಲಕ್ಷ. ನೆಲದೊಡೆಯನಿಗೆ ಬಂದುದು ಇಪ್ಪತ್ತೊಂದು ಸಾವಿರ. ಉಳಿದುದನ್ನೆಲ್ಲ ಕಂಪನಿ ನುಂಗಿತೆಂದು ನಾನು ಹೇಳುತ್ತಿಲ್ಲ. ಒಂದು ಮೆಗಾವಾಟ್ ಕಟ್ಟಲು ಕೆಲವು ಕೋಟಿ ರೂಪಾಯಿ ಬೇಕು, ಅದರ ಬಡ್ಡಿಯುಂಟು, ಸವಕಳಿಯುಂಟು, ಹಲಗೆ ತೊಳೆಯುವ ಖರ್ಚುಂಟು, ನಷ್ಟದ ಭಯವೂ ಉಂಟು. ಬಂಡವಾಳ ಹೂಡಿದವನಿಗೆ ಪ್ರತಿಫಲ ಸಲ್ಲತಕ್ಕದ್ದೇ. ನಾನು ಕೇಳುವುದು ಇಷ್ಟು: ಬಂಡವಾಳ ಹೂಡುವವರ ಸಾಲಿನಲ್ಲಿ ಊರವರು ಏಕೆ ನಿಲ್ಲಬಾರದು? ಬಾಡಿಗೆ ಪಡೆಯುವವನಿಗೂ ಪಾಲುದಾರನಿಗೂ ಇರುವ ಅಂತರವನ್ನು ಪುಣೆಯಲ್ಲಿ ಮನೆ ಮಾಡಿಕೊಂಡಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ನೋವಿನ ವಿಷಯ. ಲಾವಣಿಯ ಹಣ ಉತಾರೆಯಲ್ಲಿ ಹೆಸರಿದ್ದವನಿಗೆ ಸಲ್ಲುತ್ತದೆ. ಹೆಸರಿಲ್ಲದವನು? ಕಳೆ ತೆಗೆಯುತ್ತಿದ್ದ ಹೆಂಗಸು, ಶೇಂಗಾ ಕೀಳುತ್ತಿದ್ದ ಆಳು, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವನು, ಇವರಿಗೆ ಆ ಕರಾರಿನಲ್ಲಿ ಒಂದು ಸಾಲೂ ಇಲ್ಲ. ಪಾವಗಡದಲ್ಲಿ ಸುತ್ತ ಬೇಲಿ ಬಿದ್ದ ಮೇಲೆ ಕುರಿಗೆ ದಾರಿಯೂ ಹೋಯಿತು, ಹುಲ್ಲೂ ಹೋಯಿತು. ಕಾವಲು ಕೆಲಸ, ಹುಲ್ಲು ಕೊಯ್ಯುವ ಕೆಲಸ, ಹಲಗೆ ಒರಸುವ ಕೆಲಸ ಕೆಲವರಿಗೆ ಸಿಕ್ಕಿತು. ಹೊಲ ಸಾಕುತ್ತಿದ್ದಷ್ಟು ಜನರನ್ನು ಹಲಗೆ ಸಾಕಲಾರದು. ನಮ್ಮ ಮಡ್ಡಿ ಹೊಲವನ್ನೇ ತೆಗೆದುಕೊಳ್ಳಿ. ಅದನ್ನು ಮೂವತ್ತು ವರ್ಷಗಳಿಂದ ಪಾಲಿಗೆ ಮಾಡುತ್ತ ಬಂದ ಮನೆತನವೊಂದಿದೆ. ಆ ಹೊಲದಲ್ಲಿ ನಾನು ಒಂದು ದಿನವೂ ಕುಂಟೆ ಹಿಡಿದವನಲ್ಲ. ನಾಳೆ ಲಾವಣಿಯ ಹಣ ಬಂದರೆ ಪುಣೆಯಲ್ಲಿ ಕುಳಿತ ನನಗೆ ಬರುತ್ತದೆ, ಅವರಿಗೆ ಬರುವುದಿಲ್ಲ. ಅಣ್ಣನ ಕಾಗದದಲ್ಲಿ ಆ ಮನೆತನದ ಪ್ರಸ್ತಾಪವೇ ಇರಲಿಲ್ಲ. ನನಗೂ ಅವರ ನೆನಪು ಬಂದುದು ಲಕೋಟೆ ಬಂದ ಎರಡು ದಿನದ ಮೇಲೆ. ಈ ಮಾತನ್ನು ತಮ್ಮ ಮುಂದೆ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಹಾಗಾದರೆ ಊರವರೇ ಒಡೆಯರಾಗುವುದು ಸಾಧ್ಯವೇ, ಅಥವಾ ಇದು ವೇದಿಕೆಯ ಮೇಲಿನ ಮಾತೇ ಎಂದು ಕೇಳಬಹುದು. ಸಹಕಾರವನ್ನು ಕನ್ನಡಿಗರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಉದ್ದೇಶವಾಗಿತ್ತು.

ವಿದ್ಯುತ್ತಿನಲ್ಲಿಯೂ ಇದು ಆಗಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪಿತವಾಯಿತು. ಆ ಕಾಲಕ್ಕೆ ದೇಶದಲ್ಲಿ ಪ್ರಯೋಗವಾಗಿ ಆರಂಭಿಸಿದ ಐದು ಸಂಘಗಳಲ್ಲಿ ಅದೂ ಒಂದು. ವಿದ್ಯುತ್ತನ್ನು ಸಗಟಾಗಿ ಕೊಂಡು ಸದಸ್ಯರಿಗೆ ಹಂಚುವುದು ಅದರ ಕೆಲಸ. ಕಂಬ, ತಂತಿ, ಬಿಲ್ಲು, ದುರಸ್ತಿ ಎಲ್ಲವೂ ಸಂಘದ್ದೇ. ಬೆಳಕು ಹೋದರೆ ಗ್ರಾಹಕನು ದೂರುವುದು ತನ್ನ ಸಂಘವನ್ನೇ, ತಾನೇ ಓಟು ಹಾಕಿ ಆರಿಸಿದ ನಿರ್ದೇಶಕರನ್ನೇ. 2025ರಲ್ಲಿ ಅದರ ಆಡಳಿತ ಮಂಡಳಿಗೆ ನಡೆದ ಚುನಾವಣೆಯ ಕಾವು ವಿಧಾನಸಭೆಯ ಚುನಾವಣೆಗೇನೂ ಕಡಿಮೆಯಿರಲಿಲ್ಲ. ಅದನ್ನು ಕಂಡು ಕೆಲವರು ನಕ್ಕರು. ನಾನು ನಗಲಾರೆ. ಜನ ಜಗಳಾಡುವುದು ತಮ್ಮದೆಂದು ತಿಳಿದ ಸೊತ್ತಿಗಾಗಿಯಲ್ಲವೆ?

ಮಗ್ಗುಲಲ್ಲೇ ಸೋಲಿನ ಉದಾಹರಣೆಯೂ ಇದೆ. ಅದೇ ಐದರಲ್ಲಿ ಇನ್ನೊಂದು ಅಹಮದನಗರ ಜಿಲ್ಲೆಯ, ಅಂದರೆ ಈಗಿನ ಅಹಿಲ್ಯಾನಗರದ, ಮುಳಾ-ಪ್ರವರಾ ಸಂಘ. ಕಬ್ಬಿನ ಸೀಮೆ, ಘಟಾನುಘಟಿ ಮುಖಂಡರು, ದೊಡ್ಡ ಹೆಸರು. ಕೊಂಡ ವಿದ್ಯುತ್ತಿನ ಬಾಕಿ ಬೆಟ್ಟದಂತೆ ಬೆಳೆದು, 2011ರಲ್ಲಿ ಅಲ್ಲಿಯ ವಿತರಣೆ ರಾಜ್ಯದ ಕಂಪನಿಯ ಕೈಗೆ ಹೋಯಿತು. ಸಹಕಾರವೆಂದ ಮಾತ್ರಕ್ಕೆ ಲೆಕ್ಕ ತಾನಾಗಿ ಸರಿಹೋಗುವುದಿಲ್ಲ. ಹುಕ್ಕೇರಿಯಂತೆ ತೆಲಂಗಾಣದ ನೇಕಾರರ ಊರಾದ ಸಿರಿಸಿಲ್ಲದ ಸಂಘವೂ ಉಳಿದು ಬಂದಿದೆ. ಐದರಲ್ಲಿ ಎರಡು ಉಳಿದವೆಂದು ಸಂತೋಷ ಪಡುವುದೋ, ಮೂರು ಹೋದವೆಂದು ಎಚ್ಚರಗೊಳ್ಳುವುದೋ, ಎರಡೂ ಅವಶ್ಯ.

ಇವು ಹಂಚುವ ಸಂಘಗಳು. ಬೆಳೆಯುವ ಸಂಘವನ್ನು ನೋಡಬೇಕೆಂದರೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಗೆ ಹೋಗಬೇಕು. ಅಲ್ಲಿ 2016ರಲ್ಲಿ ಆರು ಮಂದಿ ರೈತರು ಸೇರಿ ಸೌರಶಕ್ತಿಯ ಸಹಕಾರ ಮಂಡಳಿ ಮಾಡಿದರು. ಬಾವಿಯ ಪಂಪಿಗೆ ಸೂರ್ಯನ ಹಲಗೆ. ನೀರು ಬೇಕಾದಾಗ ಪಂಪು, ಬೇಡವಾದಾಗ ವಿದ್ಯುತ್ತು ನೇರವಾಗಿ ವಿತರಣಾ ಕಂಪನಿಯ ತಂತಿಗೆ. 25 ವರ್ಷದ ಕರಾರು, ಯೂನಿಟ್ಟಿಗೆ 4 ರೂಪಾಯಿ 63 ಪೈಸೆ. ಇದರ ಸೊಗಸೇನೆಂದರೆ, ಪಂಪನ್ನು ವ್ಯರ್ಥವಾಗಿ ಓಡಿಸಿದರೆ ಹೋಗುವುದು ತನ್ನದೇ ದುಡ್ಡು. ಆದುದರಿಂದ ನೆಲದೊಳಗಿನ ನೀರೂ ಉಳಿಯಿತು. ಬಂಡವಾಳದ ಬಹುಪಾಲನ್ನು ಅಂತರರಾಷ್ಟ್ರೀಯ ನೀರಾವರಿ ಸಂಶೋಧನ ಸಂಸ್ಥೆಯೊಂದು ಕೊಟ್ಟಿತ್ತೆಂಬುದನ್ನು ಮುಚ್ಚಿಡಬಾರದು. ಎಲ್ಲ ಊರಿಗೂ ಅಂಥ ದಾನಿ ಸಿಗಲಾರ. ಆದರೆ ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯತಿಯವರು 2006ರಲ್ಲಿ ಸುಮಾರು ಒಂದೂವರೆ ಕೋಟಿಯ ಗಾಳಿಯಂತ್ರವನ್ನು ತಮ್ಮ ಉಳಿತಾಯಕ್ಕೆ ಬ್ಯಾಂಕಿನ ಸಾಲ ಕೂಡಿಸಿ ಕೊಂಡರು, ಹೆಚ್ಚಾದ ವಿದ್ಯುತ್ತನ್ನು ಮಾರಿ ಸಾಲ ತೀರಿಸಿದರು. ಡೆನ್ಮಾರ್ಕಿನ ರಾಜಧಾನಿಯ ಎದುರಿನ ಸಮುದ್ರದಲ್ಲಿ 2000ದಲ್ಲಿ ನಿಲ್ಲಿಸಿದ 20 ಗಾಳಿಯಂತ್ರಗಳಲ್ಲಿ ಅರ್ಧಕ್ಕೆ ಒಡೆಯರು ಸಾಮಾನ್ಯ ಗೃಹಸ್ಥರು, ಎಂಟು ಸಾವಿರಕ್ಕೆ ಮೀರಿದ ಪಾಲುದಾರರು. ನಮ್ಮಲ್ಲೂ 2019ರ ಕುಸುಮ್ ಯೋಜನೆ ಅರ್ಧ ಮೆಗಾವಾಟ್‌ನಿಂದ ಎರಡು ಮೆಗಾವಾಟ್‌ವರೆಗಿನ ಸ್ಥಾವರಗಳನ್ನು ರೈತರೂ, ಸಹಕಾರ ಸಂಘಗಳೂ, ಪಂಚಾಯತಿಗಳೂ ಕಟ್ಟಬಹುದೆಂದು ಬಾಗಿಲು ತೆರೆಯಿತು. ಬಾಗಿಲು ತೆರೆದರೆ ಸಾಲದು, ಸಾಲ ಕೊಡುವ ಬ್ಯಾಂಕು ಬೇಕು, ತಿಂಗಳಿಗೆ ಸರಿಯಾಗಿ ಹಣ ಸಲ್ಲಿಸುವ ವಿತರಣಾ ಕಂಪನಿ ಬೇಕು.

ಕಲ್ಲಿದ್ದಲನ್ನು ನಂಬಿದವರನ್ನೂ ಮರೆಯಲಾಗದು. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ನಮ್ಮ ಮನೆಗಳ ದೀಪ ಉರಿಸಿದವರು ಅಲ್ಲಿ ಬೂದಿ ಕುಡಿದರು. ಹಳೆಯ ಘಟಕ ಇಂದಲ್ಲ ನಾಳೆ ನಿಲ್ಲತಕ್ಕದ್ದೇ. ಅಂದು ಕಾಯಂ ನೌಕರನಿಗೆ ವರ್ಗವಾಗುತ್ತದೆ. ಗುತ್ತಿಗೆಯ ಮೇಲೆ ಬೂದಿ ಹೊತ್ತವನಿಗೆ? ಜರ್ಮನಿ 2038ರೊಳಗೆ ಕಲ್ಲಿದ್ದಲನ್ನು ಬಿಡುವುದಾಗಿ 2020ರಲ್ಲಿ ಕಾಯ್ದೆ ಮಾಡಿದಾಗ, ಆ ಸೀಮೆಗಳ ಹೊಸ ಬದುಕಿಗೆಂದು ನಾಲ್ಕು ಸಾವಿರ ಕೋಟಿ ಯೂರೋಗಳನ್ನು ತೆಗೆದಿರಿಸಿತು. ಅಷ್ಟು ಹಣ ನಮ್ಮಲ್ಲಿಲ್ಲದಿರಬಹುದು. ಮೊದಲೇ ಯೋಚಿಸುವುದಕ್ಕೆ ಹಣ ಬೇಕಾಗಿಲ್ಲ.

ಊಟದ ಹೊತ್ತಾಯಿತು, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಲಕೋಟೆಯ ವಿಷಯ ಹೇಳಿ ಮುಗಿಸುತ್ತೇನೆ. ನಾನು ಸಹಿ ಮಾಡಿಲ್ಲ, ಮಾಡುವುದಿಲ್ಲವೆಂದೂ ಬರೆದಿಲ್ಲ. ಮಳೆಯಿಲ್ಲದ ವರ್ಷ ಊರಿನಲ್ಲಿ ಬದುಕುವವನು ಅಣ್ಣ, ನಾನಲ್ಲ. ಕೆಲವು ಮಾತು ಕೇಳಿ ಬರೆದಿದ್ದೇನೆ. ಲಾವಣಿ ಎಷ್ಟು ವರ್ಷಕ್ಕೆ, ನಡುವೆ ಕಂಪನಿ ಕೈಬದಲಾದರೆ ಕರಾರು ಯಾರ ಮೇಲೆ? ಅವಧಿ ಮುಗಿದ ಮೇಲೆ ಕಬ್ಬಿಣ, ಕಾಂಕ್ರೀಟು ಕಿತ್ತು ಹೊಲವನ್ನು ಹೊಲವಾಗಿ ಒಪ್ಪಿಸುವವರು ಯಾರು? ಹಳ್ಳದ ಕಡೆಗೆ ದನ ಹೋಗುವ ದಾರಿ ಉಳಿಯುತ್ತದೆಯೆ? ಊರ ಸೊಸೈಟಿಯ ಹೆಸರಿನಲ್ಲಿ ಒಂದಿಷ್ಟು ಪಾಲು ಬಿಡಲು ಕಂಪನಿ ಒಪ್ಪೀತೆ? ಹೊಲ ಮಾಡುವ ಮನೆತನಕ್ಕೆ ನನ್ನ ಪಾಲಿನ ಲಾವಣಿಯಲ್ಲಿ ಅರ್ಧವನ್ನು ಕಾಗದದಲ್ಲೇ ಬರೆದುಕೊಡಬೇಕೆಂದೂ ಹೇಳಿದ್ದೇನೆ. ಮೊನ್ನೆ ಅಣ್ಣ ಫೋನು ಮಾಡಿದ್ದ. "ತಮ್ಮಾ, ಇಷ್ಟೆಲ್ಲ ಕೇಳಿದರ ಅವರು ಮಗ್ಗಲ ಹೊಲಕ್ಕ ಹೋಗತಾರ" ಎಂದ. ಮಗ್ಗುಲ ಹೊಲದ ಒಡೆಯರು ಹಡಪಸರದಲ್ಲಿದ್ದಾರೆ, ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಊಟಕ್ಕೆ ಅವರ ಪಕ್ಕದಲ್ಲಿ ನನಗೊಂದು ಎಲೆ ಹಾಕಿಸಬೇಕೆಂದು ಕಾರ್ಯದರ್ಶಿಗಳನ್ನು ಬೇಡಿಕೊಳ್ಳುತ್ತೇನೆ.