ಗಾಡಿಗೂ ಕರೆಂಟು, ಊರಿಗೂ ಕರೆಂಟು



ಇವತ್ತು ನಾವು ಕರೆಂಟು ಗಾಡಿಯ ವಿಷಯ ಮಾತಾಡೋಣ. ಚಿತ್ರದುರ್ಗ, ಹಿರಿಯೂರು ಪೇಟೆಗೆ ಹೋದರೆ ಸದ್ದಿಲ್ಲದೆ ಓಡೋ ಸ್ಕೂಟರು ಈಗ ಕಾಣ್ತವೆ. ಹೊಳಲ್ಕೆರೆ, ಹೊಸದುರ್ಗದ ಕಡೆಗೂ ಬಂದಿವೆ. ಇಂಥ ಗಾಡಿಗಳಿಗೆ ಅಂತಲೇ ನೀತಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ಅದು 2017ರಲ್ಲಿ.

ಗಾಡಿ ಒಳ್ಳೆಯದೇ. ಹೊಗೆ ಇಲ್ಲ. ಖರ್ಚು ಕಡಿಮೆ. ಪೆಟ್ರೋಲ್ ಸ್ಕೂಟರು 100 ಕಿಲೋಮೀಟರ್ ಓಡೋಕೆ ಸುಮಾರು 2 ಲೀಟರ್ ಕುಡೀತದೆ. ಅಂದರೆ 200 ರೂಪಾಯಿ. ಕರೆಂಟು ಸ್ಕೂಟರಿಗೆ ಅಷ್ಟೇ ದೂರಕ್ಕೆ ಸುಮಾರು 3 ಯೂನಿಟ್ ಸಾಕು. 25 ರೂಪಾಯಿ ಒಳಗೇ ಆಯಿತು.

ಆದರೆ ಈ ಕರೆಂಟು ಎಲ್ಲಿಂದ ಬರ್ತದೆ? ಊರಿನ ಟಿ.ಸಿ.ಯಿಂದ. ಟಿ.ಸಿ.ಗೆ ಎಲ್ಲಿಂದ? ದೊಡ್ಡ ಲೈನಿನಿಂದ. ಶರಾವತಿಯ ನೀರು, ಪಾವಗಡದ ಬಿಸಿಲು, ರಾಯಚೂರಿನ ಕಲ್ಲಿದ್ದಲು, ನಮ್ಮ ಗುಡ್ಡದ ಗಾಳಿ, ಎಲ್ಲ ಕರೆಂಟೂ ಒಂದೇ ಜಾಲಕ್ಕೆ ಸೇರ್ತದೆ. ಇದಕ್ಕೆ ಗ್ರಿಡ್ ಅಂತಾರೆ. ಬಟ್ಟೆಯ ನೂಲಿನಂತೆ ಎಲ್ಲ ಲೈನುಗಳೂ ಹೆಣೆದುಕೊಂಡಿವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಕೂಡಿತು. ಆಗ ನಮ್ಮ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿತು.

ಈ ಜಾಲ ನಡೆಯೋದು ಬೀಸೋ ಕಲ್ಲಿನ ಹಾಗೆ. ಇಬ್ಬರು ಗೂಟ ಹಿಡಿದು ಒಂದೇ ಹದದಲ್ಲಿ ತಿರುಗಿಸ್ತೀವಿ. ಒಮ್ಮೆಲೇ ಎರಡು ಬೊಗಸೆ ಜೋಳ ಹಾಕಿದರೆ ಕಲ್ಲು ಭಾರ ಆಗ್ತದೆ, ನಿಧಾನ ಆಗ್ತದೆ. ಇನ್ನೊಂದು ಕೈ ಸೇರಬೇಕು. ಇಲ್ಲವೆ ಜೋಳ ಕಡಿಮೆ ಹಾಕಬೇಕು. ಕರೆಂಟಿಗೂ ಒಂದು ಹದ ಇದೆ. ಸೆಕೆಂಡಿಗೆ 50 ಸಲ. ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದರೆ ಈ ಹದ ಇಳೀತದೆ. ನೀರಿನ ಟ್ಯಾಂಕಿನಂತೆ ತುಂಬಿಟ್ಟುಕೊಳ್ಳೋಣ ಅಂದರೆ ಅಷ್ಟು ದೊಡ್ಡ ಬ್ಯಾಟರಿಗಳು ಇನ್ನೂ ಸಾಲದು.

ಹದ ತಪ್ಪಿದರೆ ಏನಾಗ್ತದೆ? 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ನೋಡಿತು. ಲೈನಿನ ಮೇಲೆ ಹೊರೆ ಹೆಚ್ಚಾಗಿ ಒಂದರ ಹಿಂದೆ ಒಂದು ನಿಂತುಹೋದವು. ಎರಡನೇ ದಿನ ಸುಮಾರು 60 ಕೋಟಿ ಜನರಿಗೆ ಕರೆಂಟು ಇರಲಿಲ್ಲ. ರೈಲು ನಡುದಾರಿಯಲ್ಲಿ ನಿಂತವು. ಅದು ಕರೆಂಟು ಗಾಡಿಯಿಂದ ಆದದ್ದಲ್ಲ. ಆಗ ಇಂಥ ಗಾಡಿಗಳೇ ಕಡಿಮೆ.

ನಮ್ಮ ನಾಲ್ಕು ತಾಲ್ಲೂಕಿನ ಗಾಡಿಗಳಿಂದ ದೇಶದ ಗ್ರಿಡ್ ಬೀಳ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಹೆದರಬೇಕಾದ್ದು ಊರಿನ ಟಿ.ಸಿ. ಬಗ್ಗೆ.

ಲೆಕ್ಕ ಹಾಕೋಣ, ಬನ್ನಿ. ಒಂದು ಸ್ಕೂಟರು ಚಾರ್ಜ್ ಆಗುವಾಗ ಸುಮಾರು 750 ವ್ಯಾಟ್ ಎಳೀತದೆ. ಒಂದು ಎಲ್‌ಇಡಿ ಬಲ್ಬು 9 ವ್ಯಾಟ್. ಅಂದರೆ ಒಂದು ಸ್ಕೂಟರು 80 ಬಲ್ಬಿಗೂ ಮಿಗಿಲು! ಸಣ್ಣ ಊರಿನ ಟಿ.ಸಿ. 25 ಕೆ.ವಿ.ಎ. ಇರ್ತದೆ. 30 ಸ್ಕೂಟರು ಒಟ್ಟಿಗೆ ಹಾಕಿದರೆ ಅದರ ಶಕ್ತಿ ಮುಗೀತು. ಆಮೇಲೆ ದೀಪ, ಟಿ.ವಿ., ಮಿಕ್ಸಿ ಎಲ್ಲಿಗೆ ಹೋಗಬೇಕು?

ಹೊರೆ ಹೆಚ್ಚಾದರೆ ಟಿ.ಸಿ. ಒಳಗಿನ ಸುರುಳಿ ಕಾಯ್ತದೆ. ಎಣ್ಣೆ ಕಾಯ್ತದೆ. ಕೊನೆಗೆ ಸುಟ್ಟು ಹೋಗ್ತದೆ. ಸುಡೋ ಮುಂಚೆ ಲೈನಿನ ಕೊನೇ ಮನೆಯ ಬಲ್ಬು ಮಂಕಾಗ್ತದೆ. ಕುಡಿಯೋ ನೀರಿನ ಬೋರ್‌ವೆಲ್ ಮೋಟರೂ ಅದೇ ಟಿ.ಸಿ. ಮೇಲಿದ್ದರೆ ಅದೂ ನಿಂತಿತು. ನಮ್ಮದು ಮಳೆ ಕಡಿಮೆ ಸೀಮೆ. ಟಿ.ಸಿ. ಸುಟ್ಟ ದಿನ ಕೊಡ ಹೊತ್ತು ಮೈಲಿ ನಡೆಯೋರು ಯಾರು? ಗಾಡಿ ಓಡಿಸೋ ಗಂಡಸರಲ್ಲ, ನಾವು!

ಹಾಗಾದರೆ ಗಾಡಿ ಬೇಡವೆ? ಬೇಕು. ಆದರೆ ಹೊತ್ತು ನೋಡಿ ಹಾಕಬೇಕು.

ಸಂಜೆ 6ರಿಂದ 10 ಗಂಟೆ ಬಹಳ ಕಷ್ಟದ ಹೊತ್ತು. ಬಿಸಿಲು ಮುಳುಗಿರ್ತದೆ, ಸೋಲಾರ್ ಕರೆಂಟು ನಿಲ್ತದೆ. ಅದೇ ಹೊತ್ತಿಗೆ ಎಲ್ಲರ ಮನೆಯ ದೀಪ ಹತ್ತುತ್ತದೆ. ಗಾಡಿಗಳೂ ಮನೆಗೆ ಬರ್ತವೆ. ಬಂದ ಕೂಡಲೆ ಪ್ಲಗ್ ಹಾಕೋದು ಎಲ್ಲರ ರೂಢಿ. ಈ ರೂಢಿ ಬಿಡಬೇಕು. ಹಗಲು ಬಿಸಿಲು ಚೆನ್ನಾಗಿರುವಾಗ ಹಾಕಿ. ಆಗ ಪಾವಗಡದ ಸೋಲಾರ್ ಪಾರ್ಕಿನಿಂದಲೂ ಕರೆಂಟು ಬರ್ತಿರ್ತದೆ. ಅದು 2050 ಮೆಗಾವ್ಯಾಟ್‌ನದು. ನಮ್ಮ ಹಿರಿಯೂರಿಗೆ ದೂರವೇನಲ್ಲ. ಹಗಲು ಆಗದಿದ್ದರೆ ರಾತ್ರಿ 10ರ ಮೇಲೆ. ಆದರೆ ಮಲಗೋ ಕೋಣೆಯಲ್ಲಿ, ಒಲೆ ಪಕ್ಕದಲ್ಲಿ, ಬಾಗಿಲಿಗೆ ಅಡ್ಡವಾಗಿ ಹಾಕಬೇಡಿ. ತೆಳು ವೈರಿನ ಎಕ್ಸ್‌ಟೆನ್ಷನ್ ಬೇಡವೇ ಬೇಡ. ಅರ್ತಿಂಗ್ ಇರೋ ದೊಡ್ಡ ಪ್ಲಗ್ ಪಾಯಿಂಟ್ ಇರಲಿ.

ಗುಡ್ಡದ ಗಾಳಿಯಂತ್ರಗಳ ಮಾತೂ ಬರ್ತದೆ. ಜೋಗಿಮಟ್ಟಿ ಕಡೆ ನೋಡಿ, ರೆಕ್ಕೆ ತಿರುಗ್ತಾ ಇರ್ತವೆ. "ಗುಡ್ಡ ನಮ್ದು, ಗಾಳಿ ನಮ್ದು, ಕತ್ಲೇನೂ ನಮ್ದೇನಾ?" ಅಂತ ಹೆಂಗಸರು ಕೇಳ್ತಾರೆ. ಕೇಳೋದು ನ್ಯಾಯವೇ. ಆ ಕರೆಂಟು ನೇರ ನಮ್ಮ ಊರಿಗೆ ಇಳಿಯೋದಿಲ್ಲ. ಮೊದಲು ದೊಡ್ಡ ಜಾಲಕ್ಕೆ ಹೋಗ್ತದೆ. ಅಲ್ಲಿಂದ ಊರಿಗೆ ಬರೋ ದಾರಿ ಸಣ್ಣದಿದ್ದರೆ, ಗುಡ್ಡದ ತುಂಬ ಯಂತ್ರ ಇದ್ದರೂ ನಮಗೆ ಮಂಕು ದೀಪವೇ. ಆಷಾಢದಲ್ಲಿ ಗಾಳಿ ಜೋರು, ಬೇರೆ ತಿಂಗಳು ಕಡಿಮೆ. ಅದನ್ನೊಂದೇ ನಂಬೋ ಹಾಗೂ ಇಲ್ಲ.

ಬಿಲ್ಲಿನ ಮಾತು ಮರೆಯಬಾರದು. 2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್ ಪೂರಾ ಎಲ್ಲರಿಗೂ ಬಿಟ್ಟಿ ಅಂತ ತಿಳಿಯಬೇಡಿ. ಮೊದಲು ತಿಂಗಳಿಗೆ ಸರಾಸರಿ 100 ಯೂನಿಟ್ ಸುಡ್ತಿದ್ದ ಮನೆಗೆ ಶೇಕಡ 10 ಸೇರಿಸಿ 110 ಯೂನಿಟ್ ಬಿಟ್ಟಿ. ಸ್ಕೂಟರಿಗೆ ದಿನಕ್ಕೆ 2 ಯೂನಿಟ್ ಅಂದರೆ ತಿಂಗಳಿಗೆ 60. ಒಟ್ಟು 160 ಆಯಿತು. 50 ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರಾ ಬಿಲ್ಲು ನಮ್ಮದೇ. ಗಾಡಿ ಕೊಳ್ಳೋ ಮುಂಚೆ ಬಿಲ್ಲು ತೆಗೆದು ಓದಿ. ಈಗ ಅಂಕಿ ಓದೋಕೆ ಯಾರನ್ನೂ ಕಾಯಬೇಕಿಲ್ಲ.

ಇನ್ನೊಂದು ವಿಷಯ ಗ್ರಾಮಸಭೆಯಲ್ಲಿ ಕೇಳಬೇಕು. ಹೆದ್ದಾರಿ ಪಕ್ಕ ಕಾರಿಗೆ ಬೇಗ ಚಾರ್ಜ್ ಮಾಡೋ ಯಂತ್ರ ಇಡ್ತಾರೆ. 60 ಕಿಲೋವ್ಯಾಟ್‌ನ ಒಂದು ಯಂತ್ರ 80 ಸ್ಕೂಟರಿಗೆ ಸಮ. ಅದಕ್ಕೆ ಬೇರೆ ಟಿ.ಸಿ. ಹಾಕಿದ್ದಾರಾ, ನಮ್ಮ ಊರಿನ ಟಿ.ಸಿ.ಗೇ ಸೇರಿಸಿದ್ದಾರಾ? ಕೇಳಿ. ಉತ್ತರ ಬರೋ ತನಕ ಕೂರಬೇಡಿ.

ಬಲ್ಬು ಮಂಕಾದರೆ, ಟಿ.ಸಿ. ಗುಂಯ್ ಅಂದರೆ, ಎಣ್ಣೆ ಸೋರಿದರೆ, ಸುಡೋ ತನಕ ಕಾಯಬೇಡಿ. ನಮ್ಮ ಜಿಲ್ಲೆಗೆ ಕರೆಂಟು ಕೊಡೋದು ಬೆಸ್ಕಾಂ. 1912 ನಂಬರಿಗೆ ಫೋನ್ ಮಾಡಿ. ದೂರಿನ ನಂಬರು ಕೇಳಿ ಬರೆದುಕೊಳ್ಳಿ. ಒಂದು ಅರ್ಜಿಯನ್ನೂ ಕೊಡಿ. ಹೀಗೆ ಬರೆದರೆ ಸಾಕು:

"ನಮ್ಮ ಊರಿನ ಟಿ.ಸಿ. 25 ಕೆ.ವಿ.ಎ. ಇದೆ. ಇದರ ಮೇಲೆ ಇಷ್ಟು ಮನೆ, ಇಷ್ಟು ಕರೆಂಟು ಗಾಡಿ, ಒಂದು ಕುಡಿಯುವ ನೀರಿನ ಮೋಟರು ಇವೆ. ಸಂಜೆ ಹೊತ್ತು ದೀಪ ಮಂಕಾಗುತ್ತದೆ. ಹೊರೆ ಅಳೆದು ದೊಡ್ಡ ಟಿ.ಸಿ. ಹಾಕಿಕೊಡಿ."

ಕೆಳಗೆ ಎಲ್ಲರೂ ರುಜು ಹಾಕಿ. ಪಕ್ಕದಲ್ಲಿ ಮನೆಯ ಆರ್.ಆರ್. ನಂಬರು ಬರೆಯಿರಿ. ಒಂದು ನಕಲು ಇಟ್ಟುಕೊಳ್ಳಿ, ಅದರ ಮೇಲೆ ಆಫೀಸಿನ ಸೀಲು ಹಾಕಿಸಿ.