ಯಂತ್ರದೊಳಗೊಂದು ಯಂತ್ರ

ಹೊಸ ಗಣಕಯಂತ್ರವನ್ನು ಕೊಂಡ ಮಾತ್ರಕ್ಕೆ ಹಳೆಯ ಗಣಕದ ಕೆಲಸಗಳೆಲ್ಲ ಅದರಲ್ಲಿ ನಡೆಯುತ್ತವೆಂಬ ಭರವಸೆಯಿಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಬರೆಸಿದ ಅಂಗಡಿಯ ಲೆಕ್ಕದ ತಂತ್ರಾಂಶವಿರಬಹುದು. ಯೂನಿಕೋಡ್ ರೂಢಿಗೆ ಬರುವ ಮೊದಲು ಬೆರಳಚ್ಚು ಮಾಡಿದ ಕನ್ನಡ ಬರಹವಿರಬಹುದು. ಕಡತ ಕೈಯಲ್ಲಿದೆ, ಓದುವ ದಾರಿಯಿಲ್ಲ. ಇಂಥ ಇಕ್ಕಟ್ಟಿಗೆ ಒದಗುವ ಉಪಾಯವೇ ವರ್ಚುವಲ್ ಮಷೀನ್, ಅಂದರೆ ಕಲ್ಪಿತ ಯಂತ್ರ.

ಇದು ನಿನ್ನೆಮೊನ್ನೆಯ ವಿಚಾರವಲ್ಲ. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯವರು ಒಂದೇ ದೊಡ್ಡ ಗಣಕವನ್ನು ಹಲವರಿಗೆ ಹಂಚಿ, ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂದು ತೋರುವಂತೆ ಮಾಡಿದರು. 1999ರಲ್ಲಿ ವಿಎಂವೇರ್ ಸಂಸ್ಥೆ ಈ ಸೌಕರ್ಯವನ್ನು ಮೇಜಿನ ಗಣಕಕ್ಕೂ ತಂದಿತು. 2007ರಲ್ಲಿ ಬಂದ ವರ್ಚುವಲ್‌ಬಾಕ್ಸ್ ಇಂದು ಒರಾಕಲ್ ಸಂಸ್ಥೆಯದು. ಅದರ ಮೂಲಭಾಗ ಉಚಿತವಾಗಿ ದೊರೆಯುತ್ತದೆ.

ನಮ್ಮ ಗಣಕವನ್ನು ಆತಿಥೇಯನೆಂದೂ ಒಳಗೆ ನಡೆಯುವ ಯಂತ್ರವನ್ನು ಅತಿಥಿಯೆಂದೂ ತಜ್ಞರು ಕರೆಯುತ್ತಾರೆ. ಅತಿಥಿಗೆ ಬೇರೆ ಅಡಿಗೆಯಿಲ್ಲ. ಮನೆಯವರ ಅನ್ನದಲ್ಲೇ ಪಾಲು. 8 ಗಿಗಾಬೈಟ್ ಸ್ಮೃತಿಯುಳ್ಳ ಗಣಕದಲ್ಲಿ ಎಕ್ಸ್‌ಪಿಗೆ 1 ಗಿಗಾಬೈಟ್ ಕೊಟ್ಟರೆ ಧಾರಾಳವಾಯಿತು. ಅರ್ಧಕ್ಕಿಂತ ಹೆಚ್ಚು ಕೊಟ್ಟರೆ ಮನೆಯವರೇ ಉಪವಾಸ ಬಿದ್ದು ಇಬ್ಬರೂ ಕುಂಟುತ್ತಾರೆ.

ಸ್ಥಾಪಿಸುವ ಮೊದಲು ನೋಡಬೇಕಾದುದು ಒಂದುಂಟು. ಗಣಕದ ಬಯಾಸ್ ಪುಟದಲ್ಲಿ, ಇಂಟೆಲ್ ಸಂಸ್ಕಾರಕವಾದರೆ ವಿಟಿ-ಎಕ್ಸ್, ಎಎಂಡಿಯಾದರೆ ಎಸ್‌ವಿಎಂ ಎಂಬ ಅನುಕೂಲವಿರುತ್ತದೆ. ಅದು ಮುಚ್ಚಿದ್ದರೆ ತೆರೆಯಬೇಕು. ಬಳಿಕ ತಂತ್ರಾಂಶವನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಸ್ಥಾಪನೆಯ ನಡುವೆ ಜಾಲಸಂಪರ್ಕ ಕ್ಷಣಕಾಲ ಕಡಿಯುತ್ತದೆ. ಗಾಬರಿ ಬೇಡ, ಆದರೆ ಆಗ ಬೇರೇನನ್ನೂ ಇಳಿಸುತ್ತಿರಬೇಡಿ.

ಮುಂದೆ ಹೊಸ ಯಂತ್ರಕ್ಕೊಂದು ಹೆಸರಿಟ್ಟು, ಸ್ಮೃತಿಯನ್ನೂ ತಟ್ಟೆಯ ಜಾಗವನ್ನೂ ನಿಗದಿಮಾಡಬೇಕು. 20 ಗಿಗಾಬೈಟ್ ಎಂದು ಬರೆದರೂ, ಬೆಳೆಯುವ ಬಗೆಯ ತಟ್ಟೆಯನ್ನು ಆರಿಸಿದರೆ, ತುಂಬಿದಷ್ಟೇ ಜಾಗ ಹಿಡಿಯುತ್ತದೆ. ಅನಂತರ ಕಾರ್ಯಾಚರಣ ವ್ಯವಸ್ಥೆಯನ್ನು ಅದರ ಮೂಲ ಸಿಡಿಯಿಂದ ಹಾಕಬೇಕು. ಕಲ್ಪಿತ ಯಂತ್ರವೆಂದು ಪರವಾನಗಿಗೆ ವಿನಾಯಿತಿಯಿಲ್ಲ. ಇಲಿಯ ಗುರುತು ಅತಿಥಿಯ ಕಿಟಕಿಯಲ್ಲಿ ಸಿಕ್ಕಿಬಿದ್ದರೆ, ವರ್ಚುವಲ್‌ಬಾಕ್ಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಕೀಲಿಯನ್ನೊತ್ತಿದರೆ ಬಿಡುಗಡೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ರಕ್ಷಣೆ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಆದುದರಿಂದ ಈ ಅತಿಥಿಗೆ ಅಂತರ್ಜಾಲದ ಬಾಗಿಲನ್ನು ತೆರೆಯಲೇಬಾರದು. ಸಂಪರ್ಕವನ್ನು ಮೊದಲೇ ತಪ್ಪಿಸಿಡಿ.

ಎಲ್ಲ ಸರಿಹೋದ ಮೇಲೆ ಸ್ನಾಪ್‌ಶಾಟ್ ಎಂಬ ಗುರುತನ್ನು ಹಾಕಿಟ್ಟರೆ, ಮುಂದೆ ಏನೇ ಕೆಟ್ಟರೂ ಆ ಸ್ಥಿತಿಗೆ ಮರಳಬಹುದು. ಆದರೆ ಇದನ್ನೇ ರಕ್ಷಾಪ್ರತಿಯೆಂದು ನಂಬಿ ಕೂರಬಾರದು. ತಟ್ಟೆಯೇ ಕೆಟ್ಟರೆ ಗುರುತೂ ಅದರೊಡನೆ ಹೋಗುತ್ತದೆ.

ಇಷ್ಟೆಲ್ಲ ಶ್ರಮಪಟ್ಟು ಹಳೆಯ ಲೆಕ್ಕ ತೆರೆಯಿತೆಂದು ಅಲ್ಲಿಗೇ ನಿಲ್ಲುವುದು ಜಾಣತನವಲ್ಲ. ಕಲ್ಪಿತ ಯಂತ್ರ ಹೊಳೆ ದಾಟುವ ದೋಣಿ, ವಾಸದ ಮನೆಯಲ್ಲ. ಕಡತಗಳು ತೆರೆದುಕೊಂಡ ದಿನವೇ ಲೆಕ್ಕವನ್ನು ಇಂದಿನ ನಮೂನೆಗೂ, ಕನ್ನಡ ಬರಹವನ್ನು ಯೂನಿಕೋಡಿಗೂ ಬದಲಿಸಿ, ಎರಡು ಬೇರೆ ಬೇರೆ ಕಡೆ ಪ್ರತಿ ಇರಿಸಿ. ಹಿರಿಯರು ಬರೆದಿಟ್ಟುದನ್ನು ಕಿರಿಯರು ಯಾರ ನೆರವೂ ಇಲ್ಲದೆ ತೆರೆದು ಓದುವಂತಾದರೆ, ಅತಿಥಿಯನ್ನು ಕರೆದುದು ಸಾರ್ಥಕ.